ಬೀಗ ಹಾಕಿದ ಮನೆಗಳ ಲೆಕ್ಕ

“ಏನ್ರೀ ಸರ್, ಕಾಲೇಜಿನಾಗ ಪಾಠ ಮಾಡ್ತಾರೋ, ಇಲ್ಲಾ ಹುಡುಗ್ರನ್ನ ಗುಂಪು ಕುಂದ್ರಿಸಿ ಬರೀ ಮಾತಾಡಿಸ್ತಾರೋ?”

ಸಂಕ್ರಾಂತಿ ಮುಗಿದ ವಾರ ನಮ್ಮ ಹಿಂದಿನ ಓಣಿಯ ರೈತರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಅವರ ಮಗಳು ಹತ್ತನೆಯ ತರಗತಿಯವರೆಗೆ ಇಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಆದೋನಿಯ ಒಂದು ಕಾಲೇಜಿನಲ್ಲಿ ಪದವಿಯ ಮೊದಲ ವರ್ಷ. ಸ್ಟಾಟಿಸ್ಟಿಕ್ಸ್ ಎಂಬ ಪೇಪರಿನಲ್ಲಿ ಉಪನ್ಯಾಸಕರು ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಅರ್ಧ ತರಗತಿ ಅವರನ್ನೇ ಕೂಡಿ ಲೆಕ್ಕ ಮಾಡಲು ಬಿಡುತ್ತಾರಂತೆ. ಆಮೇಲೆ ಹಳ್ಳಿಗೆ ಹೋಗಿ ಮಾಹಿತಿ ತರಬೇಕು, ಕೂತು ವರದಿ ಬರೆಯಬೇಕು. ಅದಕ್ಕೆ ಕಾಲೇಜು ಬಿಟ್ಟ ಮೇಲೂ ಉಳಿಯಬೇಕು. ಸಂಜೆಯ ಬಸ್ಸು ತಪ್ಪುತ್ತದೆ. ಗುಂಪಿನಲ್ಲಿ ಇಬ್ಬರು ಹುಡುಗರು ಬೇರೆ. ತಂದೆಯ ಪ್ರಶ್ನೆಯ ಹಿಂದೆ ಇಷ್ಟೆಲ್ಲಾ ಇತ್ತು.

ಪೋಷಕರೇ, ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು. ಇಲ್ಲವೆಂದರೆ ಇನ್ನು ಎರಡು ಮೂರು ವರ್ಷದಲ್ಲಿ ಏಳುತ್ತದೆ. 2021-22ರಿಂದ ಆಂಧ್ರದ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಮಾಧ್ಯಮವೇ ಎಂದಾಗಿದೆ. ನಮ್ಮ ಗಡಿಯ ಮಕ್ಕಳು ಕನ್ನಡ ಪುಸ್ತಕ ಮುಚ್ಚಿಟ್ಟು ನೇರವಾಗಿ ಇಂಗ್ಲಿಷ್ ಪುಸ್ತಕ ತೆರೆಯುತ್ತಾರೆ. ಅಂಥ ಮಗುವನ್ನು ಗುಂಪಿನಲ್ಲಿ ಕೂರಿಸಿದರೆ ಏನಾಗುತ್ತದೆ? ಆ ಹುಡುಗಿಯ ಜೊತೆ ಒಂದು ಸೆಮಿಸ್ಟರ್ ನಾನೂ ಓದಿದೆ ಎನ್ನಬೇಕು. ವಾರಕ್ಕೆ ಎರಡು ಸಂಜೆ ನಮ್ಮ ಜಗುಲಿಯ ಮೇಲೆ ಪುಸ್ತಕ ಬಿಚ್ಚಿ ಕೂರುತ್ತಿದ್ದಳು. ಕಂಡದ್ದನ್ನು ಹೇಳುತ್ತೇನೆ.

ಮೊದಲು ನನ್ನ ಕತೆ ಸ್ವಲ್ಪ. ನಾನು ಇಲ್ಲಿಯವನಲ್ಲ. ಮಗಳನ್ನು ಕೊಟ್ಟ ಊರೆಂದು ನಿವೃತ್ತಿಯ ನಂತರ ಹೊಳಗುಂದಕ್ಕೆ ಬಂದವನು. ಹುಟ್ಟಿದ್ದು ಸತ್ಯಮಂಗಲದ ಘಟ್ಟದ ಮೇಲಿನ ತಾಳವಾಡಿ ಸೀಮೆಯಲ್ಲಿ. ಪ್ರಾಥಮಿಕ ಶಾಲೆ ಕನ್ನಡದಲ್ಲಿ, ಹೈಸ್ಕೂಲು ತಮಿಳಿನಲ್ಲಿ. ಪದವಿಗೆಂದು ದಿಂಬಂ ಘಾಟಿಯ 27 ತಿರುವು ಇಳಿದು ಕೆಳಗಿನ ಊರಿಗೆ ಹೋದಾಗ ಎಲ್ಲವೂ ಇಂಗ್ಲಿಷ್. ಗಣಿತದ ಜೊತೆಗೆ ಸ್ಟಾಟಿಸ್ಟಿಕ್ಸ್ ಇತ್ತು. ಕ್ಯಾಲ್ಕುಲೇಟರ್ ಇಲ್ಲದ ಕಾಲ, ಲಾಗರಿದಂ ಪುಸ್ತಕವೇ ಗತಿ. ಹಾಸ್ಟೆಲಿನಲ್ಲಿ ನಾವು ಮೂವರು ಕೂಡಿ ಓದುತ್ತಿದ್ದೆವು. ಒಬ್ಬನಿಗೆ ಇಂಗ್ಲಿಷ್ ಬರುತ್ತಿತ್ತು, ಅವನು ಓದಿ ತಮಿಳಿನಲ್ಲಿ ಹೇಳುವವನು. ಇನ್ನೊಬ್ಬ ಲೆಕ್ಕ ಬಿಡಿಸುವವನು. ನಾನು ಕೇಳಿ ತಲೆಯಾಡಿಸುವವನು. ಎಲ್ಲ ಅರ್ಥವಾಗಿದೆ ಎಂದೇ ನಂಬಿದ್ದೆ. ಮೊದಲ ಪರೀಕ್ಷೆಯಲ್ಲಿ ಅವರಿಬ್ಬರೂ ಪಾಸು, ನಾನು ಫೇಲು. ಪ್ರಶ್ನೆಪತ್ರಿಕೆಯ ಮುಂದೆ ಒಬ್ಬನೇ ಕುಳಿತಾಗಲೇ ತಿಳಿದದ್ದು, ನನ್ನ ಪೆನ್ನಿನಿಂದ ಒಂದು ಲೆಕ್ಕವೂ ಮೊದಲಿನಿಂದ ಕೊನೆಯವರೆಗೆ ಇಳಿದಿರಲಿಲ್ಲ ಎಂದು. ಕೂಡಿ ಓದುವುದೆಂದರೆ ಬಹಳ ದೊಡ್ಡದು ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಆ ದಿನ ನೆನಪಾಗುತ್ತದೆ.

ಹಾಗೆಂದು ಒಬ್ಬರೇ ಓದುವುದೂ ಉತ್ತರವಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಅಧ್ಯಾಪಕರಿಗೆ ಒಂದು ಚಿಂತೆ ಹತ್ತಿತು. ಕಲನಶಾಸ್ತ್ರದ ಮೊದಲ ತರಗತಿಯಲ್ಲಿ ಕಪ್ಪು ಜನಾಂಗದ ಮಕ್ಕಳು, ಶಾಲೆಯಲ್ಲಿ ಜಾಣರಾಗಿದ್ದವರೂ, ಯಾಕೆ ಹಿಂದೆ ಬೀಳುತ್ತಾರೆ? ಚೀನೀ ಮೂಲದ ಮಕ್ಕಳು ಯಾಕೆ ಮುಂದಿರುತ್ತಾರೆ? ಅಂಕಪಟ್ಟಿ ನೋಡಿ ಊಹೆ ಕಟ್ಟುವುದನ್ನು ಬಿಟ್ಟು, ಆ ಮಕ್ಕಳು ಓದುವ ಜಾಗಕ್ಕೇ ಹೋಗಿ ಕುಳಿತು ನೋಡಿದರು. ಕಪ್ಪು ಮಕ್ಕಳು ಶ್ರಮಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಸಿಕ್ಕಿಹಾಕಿಕೊಂಡರೆ ಯಾರನ್ನೂ ಕೇಳುತ್ತಿರಲಿಲ್ಲ. ಚೀನೀ ಮಕ್ಕಳು ಮೊದಲು ತಾವು ತಾವೇ ಲೆಕ್ಕ ಮಾಡಿ, ಆಮೇಲೆ ಸೇರಿ ಒಬ್ಬರದನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಹಿಂದುಳಿದವರಿಗೆಂದು ಸುಲಭ ಪಾಠದ ತರಗತಿ ಇಡಲಿಲ್ಲ. ಕಠಿಣ ಲೆಕ್ಕ ಕೊಟ್ಟು ಗುಂಪಿನಲ್ಲಿ ಕೂರಿಸಿದರು. ಫಲಿತಾಂಶ ಬದಲಾಯಿತು. ಗಮನಿಸಿ: ಮೊದಲು ಒಬ್ಬರೇ, ಆಮೇಲೆ ಕೂಡಿ. ಹಾಸ್ಟೆಲಿನಲ್ಲಿ ನಾನು ಆ ಮೊದಲನೆಯದನ್ನೇ ಬಿಟ್ಟಿದ್ದೆ.

ಸ್ಟಾಟಿಸ್ಟಿಕ್ಸ್ ಎಂಬ ವಿಷಯಕ್ಕಂತೂ ಗುಂಪು ಹೊರಗಿನಿಂದ ತಂದು ಅಂಟಿಸಿದ್ದಲ್ಲ. ನಮ್ಮ ದೇಶದಲ್ಲಿ ಈ ಶಾಸ್ತ್ರವನ್ನು ಬೆಳೆಸಿದ ಪಿ.ಸಿ. ಮಹಲನೋಬಿಸ್ 1931ರಲ್ಲಿ ಕಲ್ಕತ್ತಾದಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಬಂಗಾಳದ ಸೆಣಬಿನ ಬೆಳೆ ಎಷ್ಟೆಂದು ಅಳೆಯಲು ಹೊರಟಾಗ ಅವರಿಗೆ ಲೆಕ್ಕಕ್ಕಿಂತ ಲೆಕ್ಕ ತರುವವರ ಮೇಲೆ ಅನುಮಾನ. ಅದಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸಿ, ಎರಡೂ ಲೆಕ್ಕ ಹೊಂದುತ್ತವೆಯೇ ಎಂದು ನೋಡುವ ಪದ್ಧತಿ ತಂದರು. ಒಬ್ಬನೇ ಕೊಠಡಿಯಲ್ಲಿ ಕುಳಿತು ಮಾಡುವ ಶಾಸ್ತ್ರ ಅಲ್ಲ ಇದು.

ಈಗ ಹುಡುಗಿಯ ಗುಂಪಿಗೆ ಬರುತ್ತೇನೆ. ನಾಲ್ವರಲ್ಲಿ ಇಬ್ಬರು ಹುಡುಗರು ಆದೋನಿ ಪೇಟೆಯ ಇಂಗ್ಲಿಷ್ ಮಾಧ್ಯಮದವರು. ಒಬ್ಬಳು ಆಲೂರು ಕಡೆಯ ತೆಲುಗು ಮಾಧ್ಯಮದ ಹುಡುಗಿ. ನಾಲ್ಕನೆಯವಳು ನಮ್ಮವಳು. ಮೊದಲ ತಿಂಗಳು ಏನು ಕೆಲಸ ಮಾಡಿದೆ ಎಂದು ಕೇಳಿದೆ. “ಫೇರ್ ಕಾಪಿ ಬರದೆ ತಾತ” ಎಂದಳು. ಲ್ಯಾಪ್‌ಟಾಪ್ ಇದ್ದ ಹುಡುಗ ಲೆಕ್ಕ ಮಾಡಿದ, ಮತ್ತೊಬ್ಬ ತರಗತಿಯಲ್ಲಿ ಎದ್ದು ನಿಂತು ಮಾತಾಡಿದ, ಹುಡುಗಿಯರಿಬ್ಬರೂ ಅಂದವಾಗಿ ಬರೆದುಕೊಟ್ಟರು. ಗುಂಪಿಗೆ ಇಪ್ಪತ್ತಕ್ಕೆ ಹದಿನೇಳು ಅಂಕ. ಮನೆಯಲ್ಲಿ ಖುಷಿ. ನನಗೆ ಮಾತ್ರ ಹಾಸ್ಟೆಲಿನ ತಲೆಯಾಟ ನೆನಪಾಯಿತು.

ಇದು ಆ ಹುಡುಗರ ದುಷ್ಟತನವಲ್ಲ. ಕೆಲಸ ಬೇಗ ಮುಗಿಯಬೇಕು, ಯಾರಿಗೆ ಯಾವುದು ಬರುತ್ತದೋ ಅವರು ಅದನ್ನು ಮಾಡುತ್ತಾರೆ. ಬಾರದವರು ಬಾರದವರಾಗಿಯೇ ಉಳಿಯುತ್ತಾರೆ. ನಿಮ್ಮ ಮಗುವಿನ ಗುಂಪಿನ ಅಂಕ ಎಷ್ಟು ಎಂದು ಕೇಳುವ ಮೊದಲು, ಆ ಅಂಕದಲ್ಲಿ ನಿನ್ನ ಕೈಯಿಂದ ಆದದ್ದು ಏನು ಎಂದು ಕೇಳಿ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಹೇಳಲಿ. ನಿಮಗೆ ಲೆಕ್ಕ ಗೊತ್ತಿರಬೇಕಾಗಿಲ್ಲ. ಅರ್ಥವಾದ ಮಗು ಅವ್ವನಿಗೂ ತಿಳಿಯುವ ಹಾಗೆ ಹೇಳುತ್ತದೆ.

ಹುಡುಗಿಯನ್ನು ನಿಜವಾಗಿ ಹೆದರಿಸಿದ್ದು ಮಾತುಗಳು. ಮೀನ್, ಮೀಡಿಯನ್, ಮೋಡ್ ಎಂದು ಪುಸ್ತಕದ ಮೊದಲ ಪುಟದಲ್ಲೇ ಬಂದದ್ದನ್ನು ಹೊಸದೆಂದು ಬಾಯಿಪಾಠ ಮಾಡುತ್ತಿದ್ದಳು. ಹತ್ತನೆಯ ತರಗತಿಯ ಗಣಿತ ತೆಗೆಸಿದೆ. ಸರಾಸರಿ, ಮಧ್ಯಾಂಕ, ಬಹುಲಕ. ಮೂರನ್ನೂ ಮಾಡಿ ಅಂಕ ತೆಗೆದಿದ್ದಾಳೆ! ನಾನು ಓದಿದ ತಮಿಳಿನಲ್ಲೂ ಸರಾಸರಿಗೆ ಸರಾಸರಿಯೇ. ಮಧ್ಯಾಂಕಕ್ಕೆ ‘ಇಡೈನಿಲೈ’, ನಡುವಿನ ನಿಲುವು. ಬಹುಲಕಕ್ಕೆ ‘ಮುಗಡು’, ಎಂದರೆ ಮನೆಯ ಛಾವಣಿಯ ನೆತ್ತಿ. ನಕ್ಷೆ ಬರೆದರೆ ಅತಿ ಎತ್ತರಕ್ಕೆ ಎದ್ದ ಜಾಗ. ಆಲೂರು ಹುಡುಗಿ ತೆಲುಗಿನಲ್ಲಿ ‘ಮಧ್ಯಗತಂ’, ‘ಬಾಹುಳಕಂ’ ಎಂದು ಕಲಿತಿದ್ದಳು. ಇಬ್ಬರೂ ಸೇರಿ ಒಂದು ನೋಟುಬುಕ್ಕಿನಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಮೂರು ಕಾಲಂ ಹಾಕಿ ಬರೆಯತೊಡಗಿದರು. ಒಂದು ಕಡೆ ಮಾತ್ರ ಎಡವಿದರು. ತೆಲುಗಿನಲ್ಲಿ ಸರಾಸರಿಗೆ ‘ಸಗಟು’ ಎನ್ನುತ್ತಾರೆ, ಕನ್ನಡದ ಸಗಟು ಬೇರೆಯೇ ವ್ಯಾಪಾರ. ಹತ್ತಿ ಮಾರುಕಟ್ಟೆಯ ಊರಿನಲ್ಲಿ ‘ಸಗಟು ದರ’ ಎಂದರೆ ಯಾವುದು ಎಂದು ಇಬ್ಬರೂ ಜಗಳಾಡಿದ್ದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಇಂಗ್ಲಿಷ್ ಮಾಧ್ಯಮದ ಹುಡುಗರಿಗೂ ಬೇರೆ ತೊಡಕಿತ್ತು. ಪಾಪ್ಯುಲೇಷನ್ ಎಂದರೆ ಜನಸಂಖ್ಯೆ ಎಂದೇ ಅವರು ಹಿಡಿದಿದ್ದರು. ಈ ಶಾಸ್ತ್ರದಲ್ಲಿ ಆದೋನಿ ಯಾರ್ಡಿಗೆ ಬಂದ ಹತ್ತಿಯ ಚೀಲಗಳೆಲ್ಲ ಸೇರಿದರೂ ಒಂದು ಪಾಪ್ಯುಲೇಷನ್ನೇ. ರಾಂಡಮ್ ಎಂದರೆ ಮನಸ್ಸಿಗೆ ಬಂದಂತೆ ಎಂದುಕೊಂಡಿದ್ದರು. ಅಲ್ಲ, ಮನಸ್ಸಿಗೆ ಅವಕಾಶವನ್ನೇ ಕೊಡದೆ ಚೀಟಿ ಎತ್ತಿ ಆರಿಸುವುದು. ಗೊತ್ತಿರುವ ಮಾತು ಅರ್ಥ ಬದಲಿಸಿ ಬಂದಾಗ, ಗೊತ್ತಿಲ್ಲದವನಿಗಿಂತ ಗೊತ್ತಿದೆ ಎಂದುಕೊಂಡವನೇ ಹೆಚ್ಚು ಮೋಸ ಹೋಗುತ್ತಾನೆ. ನಮ್ಮವಳು ಪ್ರತಿ ಮಾತನ್ನೂ ನಿಂತು ಕೇಳುತ್ತಿದ್ದುದರಿಂದ ಗುಂಪಿಗೇ ಲಾಭವಾಯಿತು.

ಉಪನ್ಯಾಸಕರೂ ಕಣ್ಣು ಮುಚ್ಚಿ ಕೂತವರಲ್ಲ. ಎರಡನೆಯ ತಿಂಗಳಿಂದ ನಿಯಮ ಬದಲಿಸಿದರು. ಹದಿನೈದು ದಿನಕ್ಕೊಮ್ಮೆ ಲೆಕ್ಕ ಮಾಡುವವರು, ಬರೆಯುವವರು, ಮಾತಾಡುವವರು ಅದಲುಬದಲು. ಪ್ರತಿ ಗುಂಪಿನಿಂದ ಯಾರನ್ನು ಎಬ್ಬಿಸಿ ಕೇಳುತ್ತಾರೆಂದು ಮೊದಲೇ ಹೇಳುವುದಿಲ್ಲ, ಚೀಟಿ ಎತ್ತುತ್ತಾರೆ. ಎದ್ದವರು ಹೇಳಿದ್ದೇ ಗುಂಪಿನ ಉತ್ತರ. ವಾರಕ್ಕೊಂದು ಸಣ್ಣ ಪರೀಕ್ಷೆ ಮಾತ್ರ ಒಬ್ಬೊಬ್ಬರದೇ. ಆ ದಿನದಿಂದ ಲ್ಯಾಪ್‌ಟಾಪ್ ಹುಡುಗನೇ ನಮ್ಮವಳಿಗೆ ಕೂರಿಸಿ ಹೇಳಿಕೊಡಲು ಶುರುಮಾಡಿದನಂತೆ. ಅವಳು ತಪ್ಪಿದರೆ ಅವನ ಅಂಕವೂ ಹೋಗುತ್ತದಲ್ಲ! ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನಗೂ ಈ ಉಪಾಯ ಹೊಳೆದಿರಲಿಲ್ಲ.

ಹೊಳಗುಂದದ ಸುತ್ತ ಇಂಥ ಪಾಠಕ್ಕೆ ಸರಕು ಬೇಕಾದಷ್ಟಿದೆ. ಐದು ಮನೆಗಳಿಗೆ 2, 3, 3, 4, 38 ಎಕರೆ ಹೊಲ ಇದೆ ಎಂದುಕೊಳ್ಳಿ. ಸರಾಸರಿ 10 ಎಕರೆ. ಹತ್ತು ಎಕರೆಯವನು ಆ ಐವರಲ್ಲಿ ಯಾರೂ ಇಲ್ಲ. ಮಧ್ಯಾಂಕ 3, ಅದು ಊರಿನ ನಿಜಕ್ಕೆ ಹತ್ತಿರ. ನಮ್ಮ ಪಕ್ಕದ ದೇವರಗಟ್ಟಿನ ಬನ್ನಿ ಉತ್ಸವವನ್ನೇ ನೋಡಿ. ದಸರೆಯ ರಾತ್ರಿ ಬಡಿಗೆಯಾಟದಲ್ಲಿ ಗಾಯಗೊಂಡವರು ಎಷ್ಟು ಎಂದು ಮರುದಿನ ಪತ್ರಿಕೆಯಲ್ಲಿ ಅಂಕಿ ಬರುತ್ತದೆ. ಅದು ಆಸ್ಪತ್ರೆಗೆ ಬಂದವರ ಅಂಕಿ. ಅರಿಶಿನ ಮೆತ್ತಿಕೊಂಡು ಮನೆಗೆ ನಡೆದವರ ಅಂಕಿ ಯಾರ ಬಳಿ ಇದೆ? ಹುಡುಗಿ ಇದನ್ನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ತಿರುಗಿ ನೋಡಿದರಂತೆ. ಮೊದಲ ಬಾರಿಗೆ ಬಾಯಿ ಬಿಟ್ಟದ್ದು, ಅದೂ ಅರ್ಧ ತೆಲುಗು, ಅರ್ಧ ಇಂಗ್ಲಿಷ್.

ತರಗತಿಯಲ್ಲಿ ಒಂದು ಪ್ರಶ್ನೆ ಏನು ಮಾಡಬಲ್ಲದು ಎಂಬುದಕ್ಕೆ ಈ ಶಾಸ್ತ್ರದ ಚರಿತ್ರೆಯಲ್ಲೇ ಸಾಕ್ಷಿ ಇದೆ. ಸಿ.ಆರ್. ರಾವ್ ಅವರ ಹೆಸರು ಕೇಳಿರುತ್ತೀರಿ. 1920ರಲ್ಲಿ ಹೂವಿನಹಡಗಲಿಯಲ್ಲಿ, ತೆಲುಗು ಮನೆಯಲ್ಲಿ ಹುಟ್ಟಿದವರು. ಆಗ ಹಡಗಲಿಯೂ ಬಳ್ಳಾರಿ ಜಿಲ್ಲೆ, ನಮ್ಮ ಆದೋನಿಯೂ ಬಳ್ಳಾರಿ ಜಿಲ್ಲೆಯೇ, 1953ರವರೆಗೆ. ಕಲ್ಕತ್ತಾದಲ್ಲಿ ಅವರು ಪಾಠ ಮಾಡುತ್ತಿದ್ದಾಗ ಒಂದು ಸೂತ್ರ ದೊಡ್ಡ ಸಂಖ್ಯೆಯ ಮಾದರಿಗಳಿಗೆ ಹೊಂದುತ್ತದೆ ಎಂದರು. ವಿ.ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ, ಮುಂದೆ ಹೆಸರಾಂತ ಅರ್ಥಶಾಸ್ತ್ರಜ್ಞರಾದವರು, ಎದ್ದು, ಚಿಕ್ಕ ಮಾದರಿಗೆ ಯಾಕೆ ಸಾಧಿಸಬಾರದು ಎಂದು ಕೇಳಿದರು. ರಾವ್ ರಾತ್ರಿ ಕುಳಿತು ಸಾಧಿಸಿದರು. 1945ರಲ್ಲಿ ಅಚ್ಚಾದ ಆ ಫಲಿತಾಂಶ ಇಂದು ಜಗತ್ತಿನೆಲ್ಲೆಡೆ ಪಠ್ಯದಲ್ಲಿ ಅವರ ಹೆಸರಿನಿಂದ ಇದೆ. 2023ರಲ್ಲಿ ಅಂತರರಾಷ್ಟ್ರೀಯ ಸ್ಟಾಟಿಸ್ಟಿಕ್ಸ್ ಪ್ರಶಸ್ತಿ ಪಡೆದು, ಅದೇ ವರ್ಷ ಆಗಸ್ಟ್‌ನಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಹಳ್ಳಿಗೆ ಹೋದ ಕತೆ. 2020-21ರಲ್ಲಿ ಪರಿಷ್ಕರಿಸಿದ ಆಂಧ್ರದ ಪದವಿ ಪಠ್ಯಕ್ರಮದಲ್ಲಿ ಮೊದಲ ವರ್ಷದ ನಂತರ 180 ಗಂಟೆಗಳ ಸಮುದಾಯ ಸೇವಾ ಪ್ರಾಜೆಕ್ಟ್ ಬಂತು. ಮಕ್ಕಳು ಮನೆಮನೆಗೆ ಹೋಗಿ ವಿವರ ಬರೆದುಕೊಳ್ಳುವುದು ಅದರ ಒಂದು ಭಾಗ. ಅದಕ್ಕೆ ತಯಾರಿಯೆಂಬಂತೆ ಈ ಉಪನ್ಯಾಸಕರು ಪ್ರತಿ ಗುಂಪಿಗೂ ಒಂದು ಸಣ್ಣ ಕೆಲಸ ಕೊಟ್ಟರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವ 40 ಮನೆಗಳಲ್ಲಿ, ಮಗು ಈಗ ದಿನಾ ಶಾಲೆಗೆ ಹೋಗುತ್ತಿದೆಯೇ ಎಂದು ಕೇಳಿ ಬರೆಯುವುದು. ನಮ್ಮವಳ ಗುಂಪಿಗೆ ಈ ಕಡೆಯ ಒಂದು ಹಳ್ಳಿ ಬಂತು. 29 ಮನೆಯವರು ಸಿಕ್ಕರು, 27 ಮನೆಯವರು ಹೌದು ಎಂದರು. 11 ಮನೆಗಳಿಗೆ ಬೀಗ.

ಹುಡುಗರು ಬೀಗದ ಮನೆ ಬಿಟ್ಟು, 29ಕ್ಕೆ 27, ಶೇ 93 ಎಂದು ಲೆಕ್ಕ ಕಟ್ಟಿದರು. ಸೊಗಸಾದ ಅಂಕಿ. ಆ ಸಂಜೆ ಹುಡುಗಿ ಜಗುಲಿಗೆ ಬಂದು ಸುಮ್ಮನೆ ಕುಳಿತಳು. ಆಮೇಲೆ ಹೇಳಿದಳು: “ತಾತ, ಅವು ಖಾಲಿ ಮನಿ ಅಲ್ಲ. ಗುಂಟೂರಿಗೆ ಮೆಣಸಿನಕಾಯಿ ಬಿಡಿಸಾಕ ಹೋಗ್ಯಾರ. ಸಣ್ಣ ಮಕ್ಕಳನ್ನ ಬಿಟ್ಟು ಹೋಗಾಕ ಆಗಂಗಿಲ್ಲ, ಕರಕೊಂಡೇ ಹೋಗ್ಯಾರ.”

ನಮ್ಮ ಕಡೆಯವರಿಗೆ ಇದು ಹೊಸ ಸುದ್ದಿಯಲ್ಲ. ಮಳೆ ಕೈಕೊಟ್ಟ ವರ್ಷ ಓಣಿ ಓಣಿಯೇ ಗುಂಟೂರಿಗೋ ಬೆಂಗಳೂರಿಗೋ ಹೋಗುತ್ತದೆ. ಪೇಟೆಯ ಹುಡುಗರಿಗೆ ಬೀಗ ಕಂಡಿತು, ಅವಳಿಗೆ ಬೀಗದ ಹಿಂದಿನ ಮಗು ಕಂಡಿತು. ನಾಳೆ ಗುಂಪಿನಲ್ಲಿ ಹೇಳು ಎಂದೆ. “ಇಂಗ್ಲಿಷಿನಾಗ ಹೆಂಗ ಹೇಳಲಿ?” ಎಂದಳು. ಅನ್ನ ಬೆಂದಿದೆಯೇ ಎಂದು ನಿಮ್ಮವ್ವ ಹೇಗೆ ನೋಡುತ್ತಾಳೆ ಎಂದು ಕೇಳಿದೆ. ಒಂದು ಅಗುಳು ಹಿಚುಕಿ ನೋಡುತ್ತಾಳೆ. ತಮಿಳಿನಲ್ಲೂ ಅದೇ ಗಾದೆ ಇದೆ. ಒಂದೇ ಅಗುಳು ಯಾಕೆ ಸಾಕು? ಪಾತ್ರೆಯ ನೀರು ಕುದಿದು ಕುದಿದು ಅಕ್ಕಿಯೆಲ್ಲ ಕಲಸಿಹೋಗಿರುತ್ತದೆ. ಊರು ಹಾಗೆ ಕಲಸಿಹೋದ ಪಾತ್ರೆಯೇ? ಅಲ್ಲ. ಒಂದು ಕೇರಿ ಉಳಿಯುತ್ತದೆ, ಒಂದು ಕೇರಿ ಹೋಗುತ್ತದೆ. ಉಳಿದ ಕೇರಿಯ ಅಗುಳು ಹಿಚುಕಿ, ಹೋದ ಕೇರಿಯೂ ಬೆಂದಿದೆ ಎಂದರೆ ಹೇಗೆ? ಇಷ್ಟನ್ನು ಕನ್ನಡದಲ್ಲಿ ಬರೆದುಕೊಂಡಳು. ಆಲೂರು ಹುಡುಗಿ ತೆಲುಗಿಗೆ ತಂದಳು, ಲ್ಯಾಪ್‌ಟಾಪ್ ಹುಡುಗ ಇಂಗ್ಲಿಷ್ ಮಾಡಿದ. ಹೀಗೆ ಮೂರು ಭಾಷೆ ದಾಟಿ ಅದು ವರದಿಗೆ ಹೋಯಿತು.

ಲೆಕ್ಕವೂ ಬದಲಾಯಿತು. 11 ಮನೆಯ ಒಬ್ಬ ಮಗುವೂ ಶಾಲೆಗೆ ಹೋಗುತ್ತಿಲ್ಲ ಎಂದುಕೊಂಡರೆ 40ಕ್ಕೆ 27, ಶೇ 67.5. ಎಲ್ಲರೂ ಹೋಗುತ್ತಿದ್ದಾರೆ ಎಂದುಕೊಂಡರೆ 40ಕ್ಕೆ 38, ಶೇ 95. ನಿಜ ಇವೆರಡರ ನಡುವೆ ಎಲ್ಲೋ ಇದೆ. ತರಗತಿಯ ಅಭ್ಯಾಸ ಇದು, ಊರಿನ ಅಧಿಕೃತ ಲೆಕ್ಕವಲ್ಲ. ಆದರೂ ಯೋಚಿಸಿ. ವಲಸೆ ಹೋದವರ ಮಕ್ಕಳಿಗೆಂದು ನಮ್ಮಲ್ಲಿ ಸೀಸನಲ್ ಹಾಸ್ಟೆಲ್ ನಡೆಸುತ್ತಾರೆ. ಎಷ್ಟು ಮಕ್ಕಳಿಗೆ ಬೇಕು ಎಂಬುದನ್ನು ಹೇಳುವುದು ಇಂಥ ಎಣಿಕೆಯೇ. ಶೇ 93 ಎಂದು ಬರೆದವರ ಊರಿಗೆ ಹಾಸ್ಟೆಲ್ ಯಾಕೆ ಬೇಕು?

ಬಸ್ಸಿನ ಮಾತು ಬಾಕಿ ಉಳಿಯಿತು. ಸಂಜೆ ಉಳಿಯಲು ಬಿಡುವುದಿಲ್ಲ ಎಂದು ತಂದೆ ಪಟ್ಟು ಹಿಡಿದಿದ್ದರು. ಅದರಲ್ಲಿ ತಪ್ಪಿಲ್ಲ. ಕತ್ತಲಾದ ಮೇಲೆ ಆದೋನಿಯ ಬಸ್‌ಸ್ಟ್ಯಾಂಡಿನಲ್ಲಿ ಮಗಳು ಒಬ್ಬಳೇ ನಿಂತಿರುವುದು ಯಾವ ತಂದೆಗೂ ಬೇಡ. ಗುಂಪಿನಿಂದ ಹೆಸರು ತೆಗೆಸುತ್ತೇನೆ ಎಂದೂ ಹೊರಟರು. ಹೆಸರು ತೆಗೆಸಬೇಡಿ, ಹೋಗಿ ಸಮಯ ಬದಲಿಸಲು ಕೇಳಿ ಎಂದೆ. ನಾನೂ ಜೊತೆಗೆ ಹೋದೆ. ಉಪನ್ಯಾಸಕರು, ಬಸ್ಸಿನ ತೊಂದರೆ ಇದೆ ಎಂದು ಈವರೆಗೆ ಯಾರೂ ಹೇಳಿಲ್ಲವಲ್ಲ ಎಂದರು. ಹಳ್ಳಿಯಿಂದ ಬರುವ ಹುಡುಗಿಯರು ಸುಮ್ಮನೆ ಗೈರಾಗುತ್ತಿದ್ದರೇ ಹೊರತು ಕಾರಣ ಹೇಳಿರಲಿಲ್ಲ. ಮಧ್ಯಾಹ್ನದ ಒಂದು ಖಾಲಿ ಪಿರಿಯಡ್ಡು ಗುಂಪಿನ ಕೆಲಸಕ್ಕೆ ಸಿಕ್ಕಿತು. ಕಾಲೇಜಿನ ಮೆಟ್ಟಿಲು ಹತ್ತಲು ನಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ನೀವು ಹಿಂಜರಿಯುತ್ತೀರಿ ಎಂದು ಬಲ್ಲೆ. ಆ ತಂದೆ ಮಾತಾಡಿದ್ದು ಹೊಳಗುಂದದ ಕನ್ನಡವನ್ನೇ, ನಡುನಡುವೆ ತೆಲುಗು ಸೇರಿಸಿ. ಎಲ್ಲರಿಗೂ ಅರ್ಥವಾಯಿತು.

ಯುಗಾದಿಯ ನಂತರ ನಾಲ್ವರೂ ಮತ್ತೊಮ್ಮೆ ಆ ಹಳ್ಳಿಗೆ ಹೋದರು. 11ರಲ್ಲಿ 7 ಬೀಗ ತೆರೆದಿದ್ದವು. ಆ ಏಳರಲ್ಲಿ ಎರಡು ಮನೆಯ ಮಕ್ಕಳು ಅಜ್ಜಿಯ ಬಳಿ ಉಳಿದು ಶಾಲೆಗೆ ಹೋಗಿದ್ದರು. ಐದು ಮನೆಯವು ಅಪ್ಪ ಅವ್ವನ ಜೊತೆ ಮೆಣಸಿನಕಾಯಿ ಹೊಲದಲ್ಲಿದ್ದವು. ಈ ಸಲ ಮನೆಯವರನ್ನು ಮಾತಾಡಿಸಿದವಳು ನಮ್ಮವಳೇ, ಹುಡುಗರು ಬರೆದುಕೊಂಡರು. ಈಗ ಲೆಕ್ಕ ಶೇ 72.5ರಿಂದ 82.5ರ ನಡುವೆ ಬಂದು ನಿಂತಿತು. ವರದಿಯ ಕೊನೆಯ ಪುಟವನ್ನು ನನಗೆ ತಂದು ತೋರಿಸಿದಳು. ನಾಲ್ಕು ಮನೆಗಳ ಸಾಲು ಇನ್ನೂ ಖಾಲಿ. ಕಾರಣ ಬರೆಯುವ ಕಾಲಂನಲ್ಲಿ ‘ಗುಂಟೂರು’ ಎಂದು ನಾಲ್ಕು ಸಲ, ಅವಳದೇ ಕೈಬರಹದಲ್ಲಿ.